ಸಿ ಭಾಷೆಯಲ್ಲಿ ಲಿಂಕ್ಡ್ ಲಿಸ್ಟ್ ಕಟ್ಟುವ ಕೋಡನ್ನು ಸರಳ ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಟಿಯು ಮೂರನೇ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ಒಂದು ಪ್ರೋಗ್ರಾಂ ಇದೆ. ವಿದ್ಯಾರ್ಥಿಗಳ ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ), ಹೆಸರು, ಪ್ರೋಗ್ರಾಂ, ಸೆಮಿಸ್ಟರ್, ಫೋನ್ ನಂಬರ್ ಇಟ್ಟುಕೊಂಡು ಸಿಂಗ್ಲಿ ಲಿಂಕ್ಡ್ ಲಿಸ್ಟ್ ಕಟ್ಟಬೇಕು, ಅಂದರೆ ಡೇಟಾದ ಜೊತೆಗೆ ಮುಂದಿನದರ ವಿಳಾಸವನ್ನೂ ಇಟ್ಟುಕೊಂಡ ನೋಡ್‌ಗಳ ಸರಪಳಿ. ಮುಂದೆ ಸೇರಿಸಬೇಕು, ಹಿಂದೆ ಸೇರಿಸಬೇಕು, ಎರಡೂ ಕಡೆ ಅಳಿಸಬೇಕು, ಎಣಿಸಿ ತೋರಿಸಬೇಕು. ಸೀನಿಯರ್‌ಗಳ ರೆಕಾರ್ಡಿನಿಂದ ಜೂನಿಯರ್‌ಗಳ ರೆಕಾರ್ಡಿಗೆ ಇಳಿಯುತ್ತಾ ಬಂದ ಇದರ ಕೋಡಿನಲ್ಲಿ ಬೇಡದ ಸಾಲುಗಳು ಬಹಳ. ಕೆಳಗಿನ ಪ್ರಶ್ನೆಗಳಿಗೆಲ್ಲ ಆ ಪ್ರೋಗ್ರಾಂನ್ನೇ ಉದಾಹರಣೆ ಮಾಡಿಕೊಂಡಿದ್ದೇನೆ.

ಕೋಡ್ ಸಾಲುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಇಫ್, ವೈಲ್, ಸ್ಟ್ರಕ್ಟ್, ನಲ್, ಮ್ಯಾಲಕ್, ಫ್ರೀ ಇವೆಲ್ಲ ಸಿ ಭಾಷೆಯದೇ ಪದಗಳು, ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ. ನಲ್ ಅಂದರೆ ‘ಯಾವ ವಿಳಾಸವೂ ಇಲ್ಲ’ ಎಂದು. ಹೆಡ್, ಹೊಸದು, ಮುಂದೆ, ಕೊಂಡಿ ಇವು ನಾವು ಇಟ್ಟ ಹೆಸರುಗಳು. ಹೆಡ್‌ನಲ್ಲಿ ಮೊದಲ ನೋಡಿನ ವಿಳಾಸ ಇರುತ್ತದೆ, ಹೊಸದು ಅಂದರೆ ಈಗ ಸೇರಿಸುವ ನೋಡ್, ಪ್ರತಿ ನೋಡಿನ ‘ಮುಂದೆ’ಯಲ್ಲಿ ಅದರ ಮುಂದಿನ ನೋಡಿನ ವಿಳಾಸ; ಕೊಂಡಿಯ ವಿಚಾರ ಕೆಳಗೆ ಬರುತ್ತದೆ. ಜಿಸಿಸಿ ಕಂಪೈಲರ್ 10 ಅಥವಾ ಅದಕ್ಕಿಂತ ಹೊಸದು ಇದ್ದರೆ ಇವನ್ನು ಕನ್ನಡದಲ್ಲೇ ಬಿಟ್ಟರೂ ಕಂಪೈಲ್ ಆಗುತ್ತದೆ.

ನನ್ನ ಕೋಡ್ ಸರಿಯಾಗೇ ಓಡುತ್ತಿದೆ. ಮತ್ತೆ ಯಾಕೆ ಸರಳ ಮಾಡಬೇಕು?

ಓಡುತ್ತಿದೆ ಅಂದರೆ ನೀವು ಕೊಟ್ಟ ಇನ್‌ಪುಟ್‌ಗೆ ಓಡುತ್ತಿದೆ, ಅಷ್ಟೇ. ಲಿಂಕ್ಡ್ ಲಿಸ್ಟ್ ಕೋಡಿನಲ್ಲಿ ಒಂದೊಂದು ಇಫ್ ಕೂಡ ಒಂದೊಂದು ಬೇರೆ ದಾರಿ. ಲಿಸ್ಟ್ ಖಾಲಿ ಇದ್ದರೆ ಒಂದು, ಒಂದೇ ನೋಡ್ ಇದ್ದರೆ ಇನ್ನೊಂದು, ಜಾಸ್ತಿ ಇದ್ದರೆ ಮತ್ತೊಂದು. ಮೂರನ್ನೂ ಟೆಸ್ಟ್ ಮಾಡಿದ್ದೀರಾ? ಹೆಚ್ಚಿನವರು ಮೂರು ವಿದ್ಯಾರ್ಥಿಗಳನ್ನು ಸೇರಿಸಿ, ಒಬ್ಬರನ್ನು ಅಳಿಸಿ, ಔಟ್‌ಪುಟ್ ನೋಡಿ ಎದ್ದುಬಿಡುತ್ತಾರೆ.

ಸರಳ ಮಾಡುವುದು ಅಂದರೆ ಸಾಲು ಕಡಿಮೆ ಮಾಡುವುದಲ್ಲ. ನಾಲ್ಕು ಸಾಲನ್ನು ಒಂದರಲ್ಲಿ ತುರುಕುವುದು ಸುಲಭ, ಅದನ್ನು ಓದುವುದು ಕಷ್ಟ. ನಾನು ಹೇಳುತ್ತಿರುವುದು ದಾರಿಗಳನ್ನು ಕಡಿಮೆ ಮಾಡುವ ವಿಚಾರ. ಖಾಲಿ ಲಿಸ್ಟೂ ತುಂಬಿದ ಲಿಸ್ಟೂ ಒಂದೇ ಸಾಲಿನ ಮೇಲೆ ನಡೆದರೆ, ಒಂದನ್ನು ಟೆಸ್ಟ್ ಮಾಡಿದಾಗ ಇನ್ನೊಂದೂ ಬಹುಪಾಲು ಟೆಸ್ಟ್ ಆದಂತೆ.

ಹೆಡ್ ಖಾಲಿ ಇದೆಯಾ ಅಂತ ಮೊದಲು ನೋಡಲೇಬೇಕು ಅಲ್ವಾ?

ಮುಂದೆ ಸೇರಿಸುವಾಗ ಬೇಡ. ರೆಕಾರ್ಡುಗಳಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ:

ಇಫ್ (ಹೆಡ್ == ನಲ್) {
  ಹೊಸದು->ಮುಂದೆ = ನಲ್;
  ಹೆಡ್ = ಹೊಸದು;
} ಎಲ್ಸ್ {
  ಹೊಸದು->ಮುಂದೆ = ಹೆಡ್;
  ಹೆಡ್ = ಹೊಸದು;
}

ಎರಡು ಭಾಗಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮೊದಲ ಭಾಗಕ್ಕೆ ಬಂದಾಗ ಹೆಡ್‌ನಲ್ಲಿ ಇರುವುದೇ ನಲ್. ಹಾಗಾದರೆ ‘ಹೊಸದು->ಮುಂದೆ = ಹೆಡ್’ ಅಂತ ಬರೆದರೂ ನಲ್ಲೇ ಹೋಗಿ ಕೂರುತ್ತದೆ. ಎರಡೂ ಭಾಗ ಒಂದೇ ಕೆಲಸ ಮಾಡುತ್ತಿವೆ. ಇಫ್ ತೆಗೆದರೆ ಉಳಿಯುವುದು ಇಷ್ಟು:

ಹೊಸದು->ಮುಂದೆ = ಹೆಡ್;
ಹೆಡ್ = ಹೊಸದು;

ಈ ಎರಡು ಸಾಲನ್ನು ಅದಲುಬದಲು ಮಾಡಬೇಡಿ. ಹೆಡ್ ಮೊದಲು ಬದಲಾದರೆ ಹೊಸ ನೋಡ್ ತನ್ನನ್ನು ತಾನೇ ತೋರಿಸಿಕೊಂಡು ನಿಲ್ಲುತ್ತದೆ. ಹಳೆಯ ಲಿಸ್ಟ್ ಕೈತಪ್ಪುತ್ತದೆ, ಡಿಸ್ಪ್ಲೇ ಫಂಕ್ಷನ್ ಮುಗಿಯುವುದೇ ಇಲ್ಲ.

ಮುಂದೆ ಸೇರಿಸಿದರೆ ಕ್ರಮ ತಿರುಗುಮುರುಗು ಆಗುತ್ತದೆ. ಕೊನೆಗೆ ಸೇರಿಸುವಾಗಲಾದರೂ ಇಫ್ ಬೇಕಲ್ಲ?

ಅಲ್ಲೂ ಬೇಡ. ಆದರೆ ಈ ಉತ್ತರ ಸ್ವಲ್ಪ ಉದ್ದ.

ಎಲ್ಲರೂ ಬರೆಯುವ ರೀತಿ ಇದು: ಹೆಡ್ ಖಾಲಿ ಇದ್ದರೆ ಹೆಡ್‌ಗೆ ಹೊಸ ನೋಡ್ ಹಾಕು. ಇಲ್ಲದಿದ್ದರೆ ಹೆಡ್‌ನಿಂದ ಹೊರಟು, ಮುಂದೆ ಏನೂ ಇಲ್ಲದ ನೋಡ್ ಸಿಗುವವರೆಗೆ ನಡೆ, ಅದರ ‘ಮುಂದೆ’ಗೆ ಹೊಸ ನೋಡ್ ಹಾಕು. ಇಲ್ಲಿ ತೊಂದರೆ ಎರಡು. ಮೊದಲನೆಯದು ನಡಿಗೆ. ಪ್ರತಿ ಸಲವೂ ಮೊದಲಿನಿಂದ ಕೊನೆಯವರೆಗೆ ನಡೆದು 1 ಲಕ್ಷ ನೋಡ್ ಸೇರಿಸಿದರೆ ಒಟ್ಟು ಸುಮಾರು 500 ಕೋಟಿ ಹೆಜ್ಜೆ. ಲ್ಯಾಬಿನ ಮೂರು ವಿದ್ಯಾರ್ಥಿಗಳಿಗೆ ಇದು ಗೊತ್ತೇ ಆಗುವುದಿಲ್ಲ, ಫೈಲಿನಿಂದ ಓದಲು ಹೋದಾಗ ಗೊತ್ತಾಗುತ್ತದೆ. ಟೇಲ್ ಎಂಬ ಇನ್ನೊಂದು ಪಾಯಿಂಟರ್ ಇಟ್ಟುಕೊಂಡರೆ ನಡಿಗೆ ತಪ್ಪುತ್ತದೆ, ಆದರೆ ಇಫ್ ಹಾಗೇ ಉಳಿಯುತ್ತದೆ. ಎರಡನೆಯ ತೊಂದರೆ ಆ ಇಫ್.

ಆ ಇಫ್ ಯಾಕೆ ಬಂತು? ಮೊದಲ ನೋಡಿನ ವಿಳಾಸ ಹೆಡ್‌ನಲ್ಲಿ ಕೂರಬೇಕು, ಮಿಕ್ಕವುಗಳ ವಿಳಾಸ ಹಿಂದಿನ ನೋಡಿನ ‘ಮುಂದೆ’ಯಲ್ಲಿ ಕೂರಬೇಕು. ಬರೆಯುವ ಜಾಗ ಬೇರೆ ಬೇರೆ. ಆದರೆ ಎರಡೂ ಜಾಗದ ಟೈಪ್ ಒಂದೇ, ಎರಡೂ ನೋಡ್ ಪಾಯಿಂಟರ್‌ಗಳೇ. ಹಾಗಾದರೆ ‘ಕೊನೆಯ ನೋಡ್ ಯಾವುದು’ ಎಂದು ನೆನಪಿಡುವ ಬದಲು ‘ಮುಂದಿನ ವಿಳಾಸವನ್ನು ಎಲ್ಲಿ ಬರೆಯಬೇಕು’ ಎಂದು ನೆನಪಿಟ್ಟುಕೊಂಡರೆ ಸಾಕು.

ಸ್ಟ್ರಕ್ಟ್ ನೋಡ್ *ಹೆಡ್ = ನಲ್;
ಸ್ಟ್ರಕ್ಟ್ ನೋಡ್ **ಕೊಂಡಿ = &ಹೆಡ್;

ಆಮೇಲೆ ಲೂಪಿನೊಳಗೆ, ಪ್ರತಿ ಹೊಸ ನೋಡಿಗೂ:

ಹೊಸದು->ಮುಂದೆ = ನಲ್;
*ಕೊಂಡಿ = ಹೊಸದು;
ಕೊಂಡಿ = &ಹೊಸದು->ಮುಂದೆ;

ಮುಗಿಯಿತು. ಇಫ್ ಇಲ್ಲ, ನಡಿಗೆ ಇಲ್ಲ, ಕ್ರಮವೂ ಕೊಟ್ಟಂತೆಯೇ. ಲೂಪ್ ಒಂದು ಸಲವೂ ಓಡದಿದ್ದರೆ ಹೆಡ್ ನಲ್ ಆಗಿಯೇ ಉಳಿಯುತ್ತದೆ. ಖಾಲಿ ಲಿಸ್ಟ್ ಅಂದರೆ ಅದೇ ತಾನೇ.

ಎರಡು ನಕ್ಷತ್ರ ಕಂಡರೆ ತಲೆ ತಿರುಗುತ್ತದೆ. ಇನ್ನೊಂದು ಸಲ ಹೇಳುತ್ತೀರಾ?

ಪೆನ್ನು, ಹಾಳೆ ತೆಗೆದುಕೊಳ್ಳಿ. ಡ್ರೈ ರನ್ ಮಾಡದೆ ಇದು ತಲೆಗೆ ಹೋಗುವುದಿಲ್ಲ.

ಹೆಡ್ ಎಂಬ ಡಬ್ಬ ಮೆಮರಿಯಲ್ಲಿ 50ನೇ ವಿಳಾಸದಲ್ಲಿದೆ ಎಂದುಕೊಳ್ಳಿ. ಅದರೊಳಗೆ ಈಗ ನಲ್. ಕೊಂಡಿಯಲ್ಲಿ ಇರುವುದು 50. ಮೊದಲ ನೋಡ್ 100ರಲ್ಲಿ ಸಿಕ್ಕಿತು, ಅದರ ‘ಮುಂದೆ’ ಭಾಗ 108ರಲ್ಲಿದೆ. ‘*ಕೊಂಡಿ = ಹೊಸದು’ ಅಂದರೆ 50ನೇ ವಿಳಾಸದಲ್ಲಿ 100 ಬರೆ. ಹೆಡ್‌ನ ಹೆಸರನ್ನೇ ಎತ್ತದೆ ಹೆಡ್ ತುಂಬಿತು, ನೋಡಿದಿರಾ? ಮುಂದಿನ ಸಾಲಿನಲ್ಲಿ ಕೊಂಡಿಗೆ 108 ಬಂತು. ಎರಡನೇ ನೋಡ್ 200ರಲ್ಲಿ ಸಿಕ್ಕಿತು. ಅದೇ ಸಾಲು ಈಗ 108ರಲ್ಲಿ 200 ಬರೆಯುತ್ತದೆ. ಕೊಂಡಿ 208ಕ್ಕೆ ಹೋಯಿತು. ಮೂರನೆಯದನ್ನು ನೀವೇ ಮಾಡಿ.

ಕೊಂಡಿಗೆ ನೋಡ್ ಗೊತ್ತಿಲ್ಲ, ಬರೆಯುವ ಜಾಗ ಮಾತ್ರ ಗೊತ್ತು. ಅದು ಹೆಡ್ಡೋ, ಯಾವುದೋ ನೋಡಿನ ಹೊಟ್ಟೆಯೊಳಗಿನ ಜಾಗವೋ ಎಂದು ಅದು ಕೇಳುವುದೇ ಇಲ್ಲ.

ಡಮ್ಮಿ ನೋಡ್ ಇಟ್ಟರೂ ಇಫ್ ಹೋಗುತ್ತದಲ್ಲ?

ಹೋಗುತ್ತದೆ. ಲಿಸ್ಟಿನ ಮುಂದೆ ಡೇಟಾ ಇಲ್ಲದ ಒಂದು ನೋಡ್ ನಿಲ್ಲಿಸಿದರೆ, ಪ್ರತಿ ನೋಡಿಗೂ ಹಿಂದೆ ಒಂದು ನೋಡ್ ಇದ್ದೇ ಇರುತ್ತದೆ. ಅದೇ ಲ್ಯಾಬಿನ ಪಾಲಿನಾಮಿಯಲ್ ಪ್ರೋಗ್ರಾಂನಲ್ಲಿ ಹೆಡರ್ ನೋಡ್ ಇಟ್ಟು ಸರ್ಕ್ಯುಲರ್ ಲಿಸ್ಟ್ ಮಾಡಿಸುವುದರ ಲಾಭಗಳಲ್ಲಿ ಇದೂ ಒಂದು. ಎರಡು ನಕ್ಷತ್ರ ಇಷ್ಟವಿಲ್ಲದವರಿಗೆ ಇದು ಒಳ್ಳೆಯ ದಾರಿ. ಆದರೆ ಅದಕ್ಕೆ ಮ್ಯಾಲಕ್ ಮಾಡಬೇಡಿ, ಫಂಕ್ಷನ್ ಒಳಗೆ ಸಾಧಾರಣ ವೇರಿಯೇಬಲ್ ಆಗಿಯೇ ಇಡಿ. ಕೊನೆಗೆ ‘ಡಮ್ಮಿ.ಮುಂದೆ’ಯನ್ನು ರಿಟರ್ನ್ ಮಾಡಿ. ಡಮ್ಮಿಯ ವಿಳಾಸವನ್ನೇ ರಿಟರ್ನ್ ಮಾಡಿದರೆ ಕೆಟ್ಟಿತು, ಫಂಕ್ಷನ್ ಮುಗಿದ ಕೂಡಲೇ ಆ ಜಾಗ ನಿಮ್ಮದಲ್ಲ.

ವಿದ್ಯಾರ್ಥಿಯ ನೋಡಿನಂತೆ ಡೇಟಾ ದೊಡ್ಡದಿದ್ದರೆ ಡಮ್ಮಿಯಲ್ಲಿ ಅಷ್ಟೂ ಜಾಗ ಸುಮ್ನೆ ಹೋಗುತ್ತದೆ. ಹಾಗಾಗಿ ನನ್ನ ಒಲವು ಕೊಂಡಿಯ ಕಡೆಗೇ.

ಫಂಕ್ಷನ್‌ಗೆ ಹೆಡ್ ಕೊಟ್ಟು ನೋಡ್ ಸೇರಿಸಿದೆ. ಮೇನ್‌ಗೆ ವಾಪಸ್ ಬಂದರೆ ಲಿಸ್ಟ್ ಖಾಲಿ! ಯಾಕೆ?

ಸಿ ಭಾಷೆಯಲ್ಲಿ ಫಂಕ್ಷನ್‌ಗೆ ಹೋಗುವುದು ನಕಲು. ಹೆಡ್ ಪಾಯಿಂಟರ್ ಆಗಿದ್ದರೂ ಅಷ್ಟೇ, ಆ ಪಾಯಿಂಟರಿನ ನಕಲು ಹೋಗುತ್ತದೆ. ನೀವು ಒಳಗೆ ಬದಲಿಸಿದ್ದು ನಕಲನ್ನು. ದಾರಿ ಎರಡಿವೆ. ಹೊಸ ಹೆಡ್ ಅನ್ನು ರಿಟರ್ನ್ ಮಾಡಿ, ‘ಹೆಡ್ = ಮುಂದೆ_ಸೇರಿಸು(ಹೆಡ್)’ ಎಂದು ಕರೆಯಿರಿ. ಇಲ್ಲವೇ ‘&ಹೆಡ್’ ಕಳಿಸಿ. ಒಂದನ್ನು ಆರಿಸಿಕೊಂಡು ಇಡೀ ಪ್ರೋಗ್ರಾಂನಲ್ಲಿ ಅದನ್ನೇ ಪಾಲಿಸಿ. ಅರ್ಧ ಫಂಕ್ಷನ್ ಒಂದು ರೀತಿ, ಅರ್ಧ ಇನ್ನೊಂದು ರೀತಿ ಇದ್ದರೆ ಓದುವವರಿಗೆ ಹಿಂಸೆ.

ಹೆಡ್ ಅನ್ನು ಗ್ಲೋಬಲ್ ಮಾಡಿದರೆ ಈ ರಗಳೆಯೇ ಇಲ್ಲವಲ್ಲ?

ಇವತ್ತಿಗೆ ಇಲ್ಲ. ಎರಡನೇ ಲಿಸ್ಟ್ ಬೇಕಾದ ದಿನ ಎಲ್ಲ ಫಂಕ್ಷನ್‌ಗಳನ್ನೂ ಮತ್ತೆ ಬರೆಯಬೇಕು.

ಮ್ಯಾಲಕ್ ಮುಂದೆ ಬ್ರಾಕೆಟ್‌ನಲ್ಲಿ ಟೈಪ್ ಹಾಕಿ ಕ್ಯಾಸ್ಟ್ ಮಾಡಬೇಕಾ?

ಸಿ ಭಾಷೆಯಲ್ಲಿ ಬೇಡ. ಮ್ಯಾಲಕ್ ಕೊಡುವುದು ವಾಯ್ಡ್ ಪಾಯಿಂಟರ್, ಅದು ಬೇರೆ ಯಾವ ಡೇಟಾ ಪಾಯಿಂಟರಿಗೂ ತಾನಾಗೇ ಬದಲಾಗುತ್ತದೆ. ಕ್ಯಾಸ್ಟ್ ಬೇಕಾಗುವುದು ಸಿ++ನಲ್ಲಿ. ಹಳೆಯ ಸಿಯಲ್ಲಂತೂ ಕ್ಯಾಸ್ಟ್‌ನಿಂದ ನಷ್ಟವೇ ಇತ್ತು. ಹೆಡರ್ ಫೈಲ್ ಸೇರಿಸಲು ಮರೆತರೆ ಮ್ಯಾಲಕ್ ಇಂಟ್ ಕೊಡುತ್ತದೆ ಎಂದು ಕಂಪೈಲರ್ ಅಂದುಕೊಳ್ಳುತ್ತಿತ್ತು, ಆ ಎಚ್ಚರಿಕೆಯನ್ನು ಕ್ಯಾಸ್ಟ್ ಬಾಯಿ ಮುಚ್ಚಿಸುತ್ತಿತ್ತು.

ಬರೆಯುವ ಚೊಕ್ಕ ರೀತಿ:

ಸ್ಟ್ರಕ್ಟ್ ನೋಡ್ *ಹೊಸದು = ಮ್ಯಾಲಕ್(ಸೈಜ್ಆಫ್ *ಹೊಸದು);

ಸೈಜ್ಆಫ್ ಪಕ್ಕದ ನಕ್ಷತ್ರ ಬಿಟ್ಟರೆ ಪಾಯಿಂಟರಿನ ಅಳತೆ ಮಾತ್ರ, ಅಂದರೆ 64 ಬಿಟ್ ಯಂತ್ರದಲ್ಲಿ 8 ಬೈಟ್ ಸಿಗುತ್ತದೆ. ಅದರಲ್ಲಿ ಇಡೀ ವಿದ್ಯಾರ್ಥಿಯನ್ನು ತುಂಬಿಸಿದರೆ ಪಕ್ಕದ ಮೆಮರಿ ಹಾಳು. ಕೆಟ್ಟ ವಿಷಯವೆಂದರೆ, ಪ್ರೋಗ್ರಾಂ ಆ ಸಾಲಿನಲ್ಲೇ ಬೀಳದೆ ಎಷ್ಟೋ ಹೊತ್ತಿನ ಮೇಲೆ ಇನ್ನೆಲ್ಲೋ ಬೀಳುತ್ತದೆ.

ಮ್ಯಾಲಕ್, ನಲ್ ಚೆಕ್, ಡೇಟಾ ಓದುವುದು, ‘ಮುಂದೆ = ನಲ್’ ಇಷ್ಟನ್ನೂ ಒಂದೇ ಫಂಕ್ಷನ್‌ನಲ್ಲಿ ಇಡಿ, ‘ನೋಡ್_ಮಾಡು’ ಎಂದು ಕರೆಯಿರಿ. ಮುಂದೆ ಸೇರಿಸುವ ಫಂಕ್ಷನ್‌ನಲ್ಲಿ ಒಂದು ಸಲ, ಹಿಂದೆ ಸೇರಿಸುವ ಫಂಕ್ಷನ್‌ನಲ್ಲಿ ಇನ್ನೊಂದು ಸಲ ಐದೂ ಸ್ಕ್ಯಾನ್‌ಎಫ್ ಬರೆಯುವುದು ಯಾಕೆ? ರೆಕಾರ್ಡಿನ ಒಂದು ಪುಟ ಉಳಿಯುತ್ತದೆ.

ಟೈಪ್‌ಡೆಫ್ ಹಾಕಿದೆ. ಸ್ಟ್ರಕ್ಟ್ ಒಳಗಿನ ‘ಮುಂದೆ’ ಸಾಲಿನಲ್ಲಿ ಎರರ್ ಬರುತ್ತಿದೆ.

ಟೈಪ್‌ಡೆಫ್ ಹೆಸರು ಹುಟ್ಟುವುದು ಇಡೀ ಸ್ಟ್ರಕ್ಟ್ ಮುಗಿದ ಮೇಲೆ. ಒಳಗೆ ಅದನ್ನು ಬಳಸಲು ಆಗುವುದಿಲ್ಲ. ಸ್ಟ್ರಕ್ಟ್‌ಗೆ ಒಂದು ಟ್ಯಾಗ್ ಕೊಡಿ, ಒಳಗೆ ‘ಸ್ಟ್ರಕ್ಟ್ ನೋಡ್ *ಮುಂದೆ’ ಎಂದೇ ಬರೆಯಿರಿ. ಪಾಯಿಂಟರಿಗೇ ಟೈಪ್‌ಡೆಫ್ ಮಾಡಿ ನಕ್ಷತ್ರವನ್ನು ಮುಚ್ಚಿಡುವ ಅಭ್ಯಾಸ ನಮ್ಮ ಪಠ್ಯಗಳಲ್ಲಿ ಬಹಳ ಇದೆ. ನನಗದು ಹಿಡಿಸುವುದಿಲ್ಲ. ಪಾಯಿಂಟರ್ ಕಲಿಯುವ ಹೊತ್ತಿನಲ್ಲಿ ಪಾಯಿಂಟರ್ ಕಣ್ಣಿಗೆ ಬೀಳಬೇಕು.

ಲಿಸ್ಟ್ ಸರಿಯಾಗಿದೆ, ಆದರೆ ಯುಎಸ್‌ಎನ್ ಮತ್ತು ಫೋನ್ ನಂಬರ್ ವಿಚಿತ್ರವಾಗಿ ಪ್ರಿಂಟ್ ಆಗುತ್ತಿವೆ.

ಇದು ಲಿಂಕ್ಡ್ ಲಿಸ್ಟಿನ ತಪ್ಪಲ್ಲ, ಸ್ಟ್ರಕ್ಟ್‌ನ ತಪ್ಪು. ಯುಎಸ್‌ಎನ್‌ನಲ್ಲಿ 10 ಅಕ್ಷರ. ಅರೇ ಅಳತೆ 10 ಇಟ್ಟರೆ ಕೊನೆಯ ಸೊನ್ನೆ ಬೈಟಿಗೆ ಜಾಗ ಇಲ್ಲ, ಅದು ಪಕ್ಕದ ಹೆಸರಿನ ಮೊದಲ ಅಕ್ಷರದ ಮೇಲೆ ಹೋಗಿ ಕೂರುತ್ತದೆ. ಆಮೇಲೆ ಹೆಸರು ಓದಿದಾಗ ಆ ಸೊನ್ನೆ ಅಳಿಸಿಹೋಗುತ್ತದೆ, ಯುಎಸ್‌ಎನ್ ಪ್ರಿಂಟ್ ಮಾಡಿದರೆ ಜೊತೆಗೆ ಹೆಸರೂ ಅಂಟಿಕೊಂಡು ಬರುತ್ತದೆ. 11 ಇಡಿ, ಸ್ಕ್ಯಾನ್‌ಎಫ್‌ಗೂ 10 ಅಕ್ಷರದ ಮಿತಿ ಹೇಳಿ.

ಫೋನ್ ನಂಬರ್ ಇಂಟ್‌ನಲ್ಲಿ ಹಿಡಿಸುವುದಿಲ್ಲ. 32 ಬಿಟ್ ಇಂಟ್‌ನ ಗರಿಷ್ಠ 2147483647. ನಮ್ಮ ಮೊಬೈಲ್ ನಂಬರ್‌ಗಳು 6, 7, 8 ಅಥವಾ 9ರಿಂದ ಶುರುವಾಗುವ 10 ಅಂಕೆಗಳು, ಒಂದೂ ಇದರೊಳಗೆ ಬರುವುದಿಲ್ಲ. ಲಾಂಗ್ ಮಾಡಿದರೆ ಲಿನಕ್ಸ್‌ನ 64 ಬಿಟ್‌ನಲ್ಲಿ ಹಿಡಿಸುತ್ತದೆ, ವಿಂಡೋಸ್‌ನಲ್ಲೂ ಟರ್ಬೊ ಸಿಯಲ್ಲೂ ಹಿಡಿಸುವುದಿಲ್ಲ, ಅಲ್ಲಿ ಲಾಂಗ್ 32 ಬಿಟ್ಟೇ. ಅದೂ ಅಲ್ಲದೆ, ಬೆಂಗಳೂರಿನ 080 ನಂಬರನ್ನು ಸಂಖ್ಯೆಯಾಗಿ ಇಟ್ಟರೆ ಮುಂದಿನ ಸೊನ್ನೆ ಮಾಯ. ಕೂಡಿಸುವುದಿಲ್ಲ, ಕಳೆಯುವುದಿಲ್ಲ ಅಂದಮೇಲೆ ಅದು ಸಂಖ್ಯೆಯೇ ಅಲ್ಲ. ಸ್ಟ್ರಿಂಗ್ ಆಗಿ ಇಡಿ.

ಎಲ್ಲ ನೋಡ್‌ಗಳಲ್ಲೂ ಕೊನೆಯಲ್ಲಿ ಕೊಟ್ಟ ಹೆಸರೇ ಬರುತ್ತಿದೆ. ಲಿಂಕ್ ತಪ್ಪಿದೆಯಾ?

ಲಿಂಕ್ ಸರಿಯಿದೆ. ನೋಡಿನಲ್ಲಿ ಹೆಸರಿಗೆ ಅರೇ ಬದಲು ಪಾಯಿಂಟರ್ ಇಟ್ಟಿರುತ್ತೀರಿ, ಅದಕ್ಕೆ ಓದುವ ಬಫರಿನ ವಿಳಾಸ ಕೊಟ್ಟಿರುತ್ತೀರಿ. ನೋಡ್‌ಗಳು ಬೇರೆ ಬೇರೆ, ಅವು ತೋರಿಸುವ ಬಫರ್ ಒಂದೇ. ಅಕ್ಷರಗಳನ್ನು ನಕಲು ಮಾಡಬೇಕು. ಅರೇ ಆಗಿದ್ದರೆ ಸ್ಟ್ರಿಂಗ್ ಕಾಪಿ, ಪಾಯಿಂಟರ್ ಆಗಿದ್ದರೆ ಸ್ಟ್ರ್‌ಡಪ್. ಸ್ಟ್ರ್‌ಡಪ್ ಯುನಿಕ್ಸ್ ಕಡೆ ಬಹಳ ಕಾಲದಿಂದ ಇತ್ತು, ಸಿ ಸ್ಟ್ಯಾಂಡರ್ಡಿಗೆ ಸೇರಿದ್ದು ಮಾತ್ರ ಸಿ23ರಲ್ಲಿ. ಅದು ಒಳಗೆ ಮ್ಯಾಲಕ್ ಮಾಡುತ್ತದೆ, ಹಾಗಾಗಿ ನೋಡನ್ನು ಫ್ರೀ ಮಾಡುವ ಮೊದಲು ಹೆಸರನ್ನೂ ಫ್ರೀ ಮಾಡಬೇಕು.

ಫೈಲಿನಿಂದ ಓದಿ ಲಿಸ್ಟ್ ಕಟ್ಟಿದರೆ ಕೊನೆಯ ವಿದ್ಯಾರ್ಥಿ ಎರಡು ಸಲ ಬರುತ್ತಾನೆ.

ಲೂಪಿನ ಷರತ್ತಿನಲ್ಲಿ ಎಫ್‌ಇಒಎಫ್ ಹಾಕಿದ್ದೀರಾ? ‘ಫೈಲ್ ಮುಗಿಯುತ್ತಾ’ ಎಂದು ಅದು ಮುಂಚೆಯೇ ಹೇಳುವುದಿಲ್ಲ. ಓದಲು ಹೋಗಿ ಸೋತ ಮೇಲೆ ‘ಮುಗಿದಿತ್ತು’ ಎನ್ನುತ್ತದೆ. ಅಷ್ಟರಲ್ಲಿ ಹಳೆಯ ಡೇಟಾದಿಂದಲೇ ಇನ್ನೊಂದು ನೋಡ್ ಹುಟ್ಟಿರುತ್ತದೆ. ಓದುವ ಫಂಕ್ಷನ್ ಏನು ಕೊಟ್ಟಿತು ಎಂಬುದನ್ನೇ ಷರತ್ತು ಮಾಡಿ. ಎಫ್‌ಸ್ಕ್ಯಾನ್‌ಎಫ್ ಎಷ್ಟು ಐಟಂ ಓದಿತು ಎಂದು ಹೇಳುತ್ತದೆ, ಐದು ಬೇಕಿದ್ದರೆ ಐದಕ್ಕೆ ಹೋಲಿಸಿ. ಹೆಸರಿನಲ್ಲಿ ಸ್ಪೇಸ್ ಇದ್ದರೆ ಎಫ್‌ಗೆಟ್ಸ್‌ನಿಂದ ಇಡೀ ಸಾಲು ಓದಿ, ಆಮೇಲೆ ಬಿಡಿಸಿಕೊಳ್ಳುವುದು ನೆಮ್ಮದಿ.

ಅಳಿಸುವ ಕೋಡಿಗೂ ಈ ಕೊಂಡಿ ಉಪಯೋಗ ಆಗುತ್ತದಾ?

ಅಲ್ಲಿ ಇನ್ನೂ ಚೆಂದ. ಸಾಮಾನ್ಯ ರೀತಿಯಲ್ಲಿ ಹಿಂದಿನದು, ಈಗಿನದು ಎಂದು ಎರಡು ಪಾಯಿಂಟರ್ ಜೋಡಿಯಾಗಿ ಓಡುತ್ತವೆ. ಸಿಕ್ಕ ನೋಡ್ ಹೆಡ್ ಆಗಿದ್ದರೆ ಬೇರೆ ಇಫ್. ಕೊಂಡಿಯನ್ನು ಮತ್ತೆ ‘&ಹೆಡ್’ನಿಂದ ಶುರು ಮಾಡಿ, ಹೀಗೆ ಬರೆಯಿರಿ (‘ಬೇಡದ್ದು’ ಅಂದರೆ ಅಳಿಸಬೇಕಾದ ನೋಡಿನ ವಿಳಾಸ):

ವೈಲ್ (*ಕೊಂಡಿ != ಬೇಡದ್ದು)
  ಕೊಂಡಿ = &(*ಕೊಂಡಿ)->ಮುಂದೆ;
*ಕೊಂಡಿ = ಬೇಡದ್ದು->ಮುಂದೆ;
ಫ್ರೀ(ಬೇಡದ್ದು);

ಲಿನಕ್ಸ್‌ನ ಲಿನಸ್ ಟೊರ್ವಾಲ್ಡ್ಸ್ 2016ರ ಟೆಡ್ ವೇದಿಕೆಯಲ್ಲಿ ಕೋಡಿನ ‘ಒಳ್ಳೆಯ ಅಭಿರುಚಿ’ಗೆ ತೋರಿಸಿದ ಉದಾಹರಣೆ ಇದೇ ಬಗೆಯದು. ಬೇಡದ ನೋಡ್ ಲಿಸ್ಟಿನಲ್ಲಿ ಖಂಡಿತ ಇದೆ ಎಂದು ಈ ಕೋಡ್ ನಂಬಿದೆ, ಅದನ್ನು ಮರೆಯಬೇಡಿ. ಯುಎಸ್‌ಎನ್ ಹುಡುಕಿ ಅಳಿಸುವುದಾದರೆ ಲೂಪಿನ ಷರತ್ತಿನಲ್ಲಿ ಮೊದಲು ‘*ಕೊಂಡಿ’ ನಲ್ ಅಲ್ಲ ಎಂದು ನೋಡಿ, ಆಮೇಲೆ ಹೋಲಿಸಿ.

ಲ್ಯಾಬಿನಲ್ಲಿ ಕೇಳುವ ‘ಕೊನೆಯಿಂದ ಅಳಿಸು’ಗೆ ಖಾಲಿ ಲಿಸ್ಟಿನ ಇಫ್ ಬೇಕೇ ಬೇಕು. ಅಳಿಸಲು ಏನೂ ಇಲ್ಲದಿದ್ದಾಗ ಬಳಕೆದಾರರಿಗೆ ಅದನ್ನು ಹೇಳಬೇಕಲ್ಲ. ಅದು ನಿಜವಾದ ಷರತ್ತು, ಇರಲಿ. ಆದರೆ ‘ಒಂದೇ ನೋಡ್ ಇದ್ದರೆ’ ಎಂಬ ಎರಡನೇ ಇಫ್ ಬೇಡ. ‘(*ಕೊಂಡಿ)->ಮುಂದೆ’ ನಲ್ ಆಗುವವರೆಗೆ ಕೊಂಡಿಯನ್ನು ನಡೆಸಿ, ‘*ಕೊಂಡಿ’ಯನ್ನು ಫ್ರೀ ಮಾಡಿ, ಅಲ್ಲಿ ನಲ್ ಬರೆಯಿರಿ. ಒಂದೇ ನೋಡ್ ಇದ್ದರೆ ಆ ನಲ್ ತಾನಾಗೇ ಹೆಡ್‌ಗೆ ಹೋಗಿ ಬೀಳುತ್ತದೆ.

ಇಡೀ ಲಿಸ್ಟ್ ಫ್ರೀ ಮಾಡುವಾಗ ಪ್ರೋಗ್ರಾಂ ಬೀಳುತ್ತದೆ.

ಫ್ರೀ ಮಾಡಿದ ನೋಡಿನಿಂದಲೇ ‘ಮುಂದೆ’ ಓದುತ್ತಿದ್ದೀರಿ. ಕೆಲವೊಮ್ಮೆ ಅಲ್ಲಿ ಹಳೆಯ ಬೆಲೆ ಉಳಿದಿರುತ್ತದೆ, ಹಾಗಾಗಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿ ಲ್ಯಾಬಿನ ಸಿಸ್ಟಂನಲ್ಲಿ ಬೀಳಬಹುದು. ಮುಂದಿನದರ ವಿಳಾಸವನ್ನು ಮೊದಲು ಎತ್ತಿಟ್ಟುಕೊಳ್ಳಿ, ಆಮೇಲೆ ಫ್ರೀ ಮಾಡಿ. ‘ಪ್ರೋಗ್ರಾಂ ಮುಗಿದರೆ ಮೆಮರಿ ವಾಪಸ್ ಹೋಗುತ್ತದಲ್ಲ’ ಎನ್ನುವವರಿದ್ದಾರೆ. ಈಗಿನ ಆಪರೇಟಿಂಗ್ ಸಿಸ್ಟಂಗಳಲ್ಲಿ ಹೋಗುತ್ತದೆ, ನಿಜ. ಆದರೂ ಫ್ರೀ ಬರೆದರೆ ಒಂದು ಲಾಭ ಇದೆ. ಲಿಂಕ್‌ಗಳಲ್ಲಿ ಎಡವಟ್ಟಿದ್ದರೆ ಹೆಚ್ಚಿನ ಸಲ ಅದು ಹೊರಬೀಳುವುದು ಅಲ್ಲೇ.

ರಿಕರ್ಷನ್‌ನಲ್ಲಿ ಬರೆದರೆ ಎರಡೇ ಸಾಲು. ಅದು ಸರಳ ಅಲ್ವಾ?

ನೋಡಲು ಸರಳ. ಆದರೆ ನೋಡಿಗೊಂದು ಫಂಕ್ಷನ್ ಕರೆ ಸ್ಟ್ಯಾಕಿನ ಮೇಲೆ ಕೂರುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸ್ಟ್ಯಾಕ್ ಮಿತಿ 8 ಎಂಬಿ, ವಿಂಡೋಸ್‌ನಲ್ಲಿ ಸಾಮಾನ್ಯವಾಗಿ 1 ಎಂಬಿ. ಲಕ್ಷಗಟ್ಟಲೆ ನೋಡ್ ಆದರೆ ಸೆಗ್ಮೆಂಟೇಶನ್ ಫಾಲ್ಟ್ ಕಟ್ಟಿಟ್ಟ ಬುತ್ತಿ. ಟ್ರೀಗೆ ರಿಕರ್ಷನ್ ಇಟ್ಟುಕೊಳ್ಳಿ, ಲಿಸ್ಟಿಗೆ ಲೂಪ್ ಸಾಕು.

ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ನಿಜಕ್ಕೂ ಈ ಕೊಂಡಿ ಉಪಾಯ ಬಳಸುತ್ತಾರಾ?

ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಂ ಆದ ಬಿಎಸ್‌ಡಿಯ ಕ್ಯೂ ಹೆಡರ್ ಫೈಲ್ ತೆರೆದು ನೋಡಿ. ಅದರ ಟೇಲ್ ಕ್ಯೂನಲ್ಲಿ ‘ಕೊನೆ’ ಎಂದು ಇಟ್ಟಿರುವುದು ಕೊನೆಯ ನೋಡಿನ ವಿಳಾಸವಲ್ಲ, ಅದರ ‘ಮುಂದೆ’ ಜಾಗದ ವಿಳಾಸ. ಖಾಲಿ ಇದ್ದಾಗ ಅದು ಹೆಡ್‌ನ ವಿಳಾಸ. ನಮ್ಮ ಕೊಂಡಿಯೇ. ಒಂದು ಎಚ್ಚರಿಕೆ: ಹೆಡ್ ಮತ್ತು ಕೊಂಡಿಯನ್ನು ಒಂದು ಸ್ಟ್ರಕ್ಟ್‌ನಲ್ಲಿ ಇಟ್ಟು, ಖಾಲಿ ಇರುವಾಗ ಆ ಸ್ಟ್ರಕ್ಟ್‌ನ್ನು ನಕಲು ಮಾಡಿದರೆ, ನಕಲಿನ ಕೊಂಡಿ ಹಳೆಯ ಹೆಡ್ಡನ್ನೇ ತೋರಿಸುತ್ತಿರುತ್ತದೆ. ನೋಡ್ ಸೇರಿಸಿದ್ದು ಒಂದು ಲಿಸ್ಟಿಗೆ, ಹೋಗಿ ಬಿದ್ದದ್ದು ಇನ್ನೊಂದಕ್ಕೆ.

ಲಿನಕ್ಸ್ ಕರ್ನಲ್ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಮುಖ್ಯ ಲಿಸ್ಟ್ ಎರಡು ಕಡೆಗೂ ಲಿಂಕ್ ಇರುವ ಸರ್ಕ್ಯುಲರ್ ಲಿಸ್ಟ್. ಹೆಡ್ ಕೂಡ ಒಂದು ಲಿಂಕ್, ಖಾಲಿ ಇದ್ದಾಗ ತನ್ನನ್ನೇ ತೋರಿಸಿಕೊಳ್ಳುತ್ತದೆ. ಲಿಸ್ಟಿನೊಳಗೆ ನಲ್ ಎಂಬುದೇ ಇಲ್ಲ, ಹಾಗಾಗಿ ನಲ್ ಚೆಕ್ ಕೂಡ ಇಲ್ಲ.

ಅಷ್ಟಕ್ಕೂ ಲಿಂಕ್ಡ್ ಲಿಸ್ಟ್ ಬೇಕಾ? ಅರೇ ಸಾಲದಾ?

ಬಹಳ ಕಡೆ ಸಾಕು. 1955-56ರ ಹೊತ್ತಿಗೆ ಅಮೆರಿಕದ ರ‍್ಯಾಂಡ್ ಕಾರ್ಪೊರೇಷನ್‌ನ ಕೆಲಸದಲ್ಲಿ ನ್ಯೂವೆಲ್, ಶಾ, ಸೈಮನ್ ಮೂವರೂ ಲಿಸ್ಟ್‌ಗಳನ್ನು ರೂಪಿಸಿದಾಗಿನ ಯಂತ್ರಗಳು ಬೇರೆ, ಈಗಿನವು ಬೇರೆ. ಈಗಿನ ಪ್ರೊಸೆಸರ್‌ಗಳಿಗೆ ಪಕ್ಕ ಪಕ್ಕ ಇರುವ ಡೇಟಾ ಇಷ್ಟ. 4 ಬೈಟಿನ ಒಂದು ಇಂಟ್ ಇಡುವ ನೋಡ್ 64 ಬಿಟ್ ಲಿನಕ್ಸ್‌ನಲ್ಲಿ 16 ಬೈಟ್, ಅದಕ್ಕೆ ಅಲ್ಲಿನ ಸಿ ಲೈಬ್ರರಿಯಾದ ಗ್ಲಿಬ್‌ಸಿಯ ಮ್ಯಾಲಕ್ ಎತ್ತಿಡುವುದು 32 ಬೈಟ್. ಎಂಟು ಪಟ್ಟು ಜಾಸ್ತಿ. ಸುಮ್ನೆ ಕೊನೆಗೆ ಸೇರಿಸಿ ಮೊದಲಿನಿಂದ ಓದುವುದಷ್ಟೇ ಕೆಲಸ ಅಂದರೆ ರಿಯಾಲಕ್‌ನಿಂದ ಬೆಳೆಯುವ ಅರೇ ಮಾಡಿ. ಕೈಯಲ್ಲಿರುವ ನೋಡನ್ನು ನಡುವಿನಿಂದ ಕಿತ್ತು ಇನ್ನೊಂದು ಲಿಸ್ಟಿಗೆ ಹಾಕುವ ಕೆಲಸ ಇದ್ದರೆ, ನೋಡಿನ ವಿಳಾಸ ಬದಲಾಗಬಾರದು ಎಂದಿದ್ದರೆ, ಆಗ ಲಿಂಕ್ಡ್ ಲಿಸ್ಟ್.

ಹೀಗೆ ಬರೆದರೆ ಎಕ್ಸ್‌ಟರ್ನಲ್ ಒಪ್ಪುತ್ತಾರಾ? ರೆಕಾರ್ಡಿನಲ್ಲಿ ಇರುವುದೇ ಬೇರೆ.

ಔಟ್‌ಪುಟ್ ಸರಿ ಬಂದು, ಕೇಳಿದ್ದಕ್ಕೆ ನೀವು ವಿವರಿಸಿದರೆ ಒಪ್ಪದಿರಲು ಕಾರಣವಿಲ್ಲ. ವಿವರಿಸಲು ಆಗದಿದ್ದರೆ ಎರಡು ನಕ್ಷತ್ರದ ಕೋಡ್ ಬರೆಯಬೇಡಿ, ಇಫ್ ಇರುವ ಹಳೆಯದನ್ನೇ ಬರೆಯಿರಿ. ವೈವಾದಲ್ಲಿ ‘ಆ ಇಫ್ ಎಲ್ಲಿ’ ಎಂದು ಕೇಳಿದರೆ 50, 100, 108ರ ಚಿತ್ರ ಬಿಡಿಸಿ ತೋರಿಸಿ. ಲ್ಯಾಬಿಗೆ ಹೋಗುವ ಮುಂಚೆ ಮನೆಯಲ್ಲಿ ಎಲ್ಲ ವಾರ್ನಿಂಗ್‌ಗಳನ್ನೂ ಆನ್ ಮಾಡಿ, ಮೆಮರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಹಾಕಿ ಕಂಪೈಲ್ ಮಾಡಿ. ಇಲ್ಲದಿದ್ದರೆ ಅದೇ ಬಗೆಯ ಇನ್ನೊಂದು ಸಾಧನವಾದ ವ್ಯಾಲ್‌ಗ್ರಿಂಡ್ ಅಡಿಯಲ್ಲಿ ಓಡಿಸಿ. ಖಾಲಿ ಲಿಸ್ಟಿನಿಂದ ಅಳಿಸಿ ನೋಡಿ, ಒಂದೇ ನೋಡ್ ಸೇರಿಸಿ ಅಳಿಸಿ ನೋಡಿ, ಅಳಿಸಿದ ಮೇಲೆ ಮತ್ತೆ ಸೇರಿಸಿ ನೋಡಿ. ಕೊನೆಯದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಟೇಲ್ ಇಟ್ಟುಕೊಂಡವರ ಪ್ರೋಗ್ರಾಂ ಬೀಳುವುದು ಅಲ್ಲೇ, ಏಕೆಂದರೆ ಫ್ರೀ ಆದ ನೋಡನ್ನೇ ಟೇಲ್ ಇನ್ನೂ ತೋರಿಸುತ್ತಿರುತ್ತದೆ.